ಪೊರಕೆಯಿಂದ ಶುರು: ಪುಣೆಯಲ್ಲಿ ವನ್ಯಜೀವಿ ಸೇವೆಗೆ ಬರುವ ಕನ್ನಡದವರಿಗೆ

ವನ್ಯಜೀವಿ ಚಿಕಿತ್ಸಾ ಕೇಂದ್ರದಲ್ಲಿ ಹೊಸಬರ ಕೈಗೆ ಮೊದಲು ಬರುವುದು ಪೊರಕೆ. ಆಮೇಲೆ ಬಕೆಟ್ಟು. ಆಮೇಲೆ ಒಂದು ರಾಶಿ ಹಳೇ ಪೇಪರು. ಪ್ರಾಣಿ ಬರುವುದು ತುಂಬಾ ತಡವಾಗಿ, ಕೆಲವರಿಗೆ ಬರುವುದೇ ಇಲ್ಲ. ನಾನು ಹುಬ್ಬಳ್ಳಿಯವಳು. ಪುಣೆಯ ಕೋಥ್ರೂಡಿನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಬೆಳಗ್ಗೆ ಇಂಥದ್ದೊಂದು ಕೇಂದ್ರದಲ್ಲಿ ಸೇವೆ. ಇಲ್ಲಿನ ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ "ನಾವೂ ಬರಬಹುದಾ? ಮಗಳಿಗೆ ಪ್ರಾಣಿ ಅಂದ್ರೆ ಜೀವ, ಕಳಿಸಲಾ?" ಅಂತ ಕೇಳುತ್ತಾರೆ. ಬರಬಹುದು, ಕಳಿಸಬಹುದು. ಆದರೆ ಪ್ರಾಣಿ ಮುಟ್ಟುವ ಆಸೆಯಿಂದ ಬರುವವರು ಒಂದು ತಿಂಗಳಲ್ಲಿ ಬೇಸರಪಟ್ಟು ಬಿಟ್ಟುಹೋಗುತ್ತಾರೆ. ಮುಟ್ಟದೇ ಇರುವುದನ್ನು ಕಲಿಯಲು ತಯಾರಿದ್ದವರು ವರ್ಷಗಟ್ಟಲೆ ಉಳಿಯುತ್ತಾರೆ.

ಎಲ್ಲಿ ಸೇರುವುದು

ಪುಣೆಯಲ್ಲಿ 2007ರಿಂದ ರೆಸ್‌ಕ್ಯೂ ಚಾರಿಟಬಲ್ ಟ್ರಸ್ಟ್ ಇದೆ. ಬಾವಧನ್‌ನಲ್ಲಿ ಅರಣ್ಯ ಇಲಾಖೆಯ ಜೊತೆ ಸೇರಿ ವನ್ಯಪ್ರಾಣಿಗಳ ಚಿಕಿತ್ಸಾ ಕೇಂದ್ರ ನಡೆಸುತ್ತದೆ. ಜುನ್ನರ್ ಹತ್ತಿರ ಮಾಣಿಕ್‌ಡೋಹ್‌ನಲ್ಲಿ ಚಿರತೆಗಳದ್ದೇ ಒಂದು ಕೇಂದ್ರ ಇದೆ, ಅಲ್ಲಿ ವೈಲ್ಡ್‌ಲೈಫ್ ಎಸ್‌ಓಎಸ್ ಕೆಲಸ ಮಾಡುತ್ತದೆ. ಮುಂಬೈ ಕಡೆಯವರಿಗೆ ರೆಸ್ಕಿಂಕ್ ಅಸೋಸಿಯೇಷನ್ ಫಾರ್ ವೈಲ್ಡ್‌ಲೈಫ್ ವೆಲ್ಫೇರ್ ಇದೆ. ಚಿಕ್ಕಚಿಕ್ಕ ಸಂಸ್ಥೆಗಳು ಇನ್ನೂ ಎಷ್ಟೋ. ಹೆಸರು ನೋಡಿ ಸೇರಬೇಡಿ, ಮೊದಲು ಒಂದು ಸಲ ಹೋಗಿ ನೋಡಿ.

ಹೋದಾಗ ನಾಚಿಕೆ ಬಿಟ್ಟು ಕೇಳಿ: ಅರಣ್ಯ ಇಲಾಖೆಯ ಅನುಮತಿ ಇದೆಯಾ? ದಿನವೂ ಇರುವ ಪಶುವೈದ್ಯರು ಇದ್ದಾರಾ? ಬಂದ ಪ್ರಾಣಿಗಳ ರಿಜಿಸ್ಟರ್ ಇದೆಯಾ? ವಾಸಿಯಾದವನ್ನು ಎಲ್ಲಿ ಬಿಡುತ್ತೀರಿ? ಉತ್ತರ ಕೊಡಲು ಮುಖ ಸಿಂಡರಿಸಿದರೆ ನಮಸ್ಕಾರ ಹೇಳಿ ಬನ್ನಿ. ಇನ್ನೊಂದು ಪರೀಕ್ಷೆ ನನ್ನದೇ. ಮೊದಲ ದಿನವೇ ನಿಮ್ಮ ತೋಳಿಗೆ ಮಂಗನ ಮರಿ ಕೊಟ್ಟು ಫೋಟೋ ತೆಗೆಯುವ ಜಾಗ ಇದ್ದರೆ ಅಲ್ಲಿ ನಿಲ್ಲಲೇಬೇಡಿ. ಒಳ್ಳೆಯ ಕೇಂದ್ರ ನೋಡಲು ನೀರಸ. ಪಂಜರಗಳಿಗೆಲ್ಲ ಬಟ್ಟೆ ಹೊದಿಸಿರುತ್ತಾರೆ, ಯಾರೂ ಜೋರಾಗಿ ಮಾತಾಡುವುದಿಲ್ಲ, ಯಾವ ಪ್ರಾಣಿಗೂ ರಾಜಾ, ಚಿನ್ನು ಅಂತ ಹೆಸರಿರುವುದಿಲ್ಲ. ನಂಬರು ಮಾತ್ರ.

ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ವಾರಕ್ಕೆ ಒಂದೇ ವೇಳೆಗೆ ತಪ್ಪದೆ ಬರಬೇಕು ಅಂತ ಕೇಳುತ್ತಾರೆ. "ಬಿಡುವಾದಾಗ ಬರ್ತೀನಿ" ಅನ್ನುವವರು ಯಾರಿಗೂ ಬೇಡ. ಪಂಜರ ದಿನಾ ಗಲೀಜಾಗುತ್ತದೆ, ಅಲ್ವಾ?

ಕಾನೂನು, ಲಸಿಕೆ, ಬಳೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದೂ ಸೇರಿದೆ. ಹಾಗಾಗಿ "ಮನೆಗೆ ಒಯ್ದು ಸಾಕ್ತೀನಿ" ಅನ್ನುವ ಮಾತೇ ಇಲ್ಲ. ನಮ್ಮ ಮನೆಗಳಲ್ಲಿ ಪಂಜರದಲ್ಲಿಡುವ ಹಸಿರು ಗಿಳಿ ಕೂಡ ಅಪರಾಧವೇ. ಯಾವುದೋ ಕಾಡುಪ್ರಾಣಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಮಹಾರಾಷ್ಟ್ರದ ಅರಣ್ಯ ಇಲಾಖೆ ಸಹಾಯವಾಣಿ 1926. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಸ್ವಯಂಸೇವಕರ ಕಾರ್ಡ್ ಸಿಕ್ಕಿತು ಅಂತ ನಿಮಗೆ ಯಾವ ಅಧಿಕಾರವೂ ಬರುವುದಿಲ್ಲ. ಕೇಂದ್ರದ ಹೊರಗೆ ನೀವೂ ಎಲ್ಲರಂತೆಯೇ.

ಲಸಿಕೆ ವಿಷಯದಲ್ಲಿ ಯಾರ ಮಾತೂ ಕೇಳಬೇಡಿ, ಹಾಕಿಸಿಕೊಂಡೇ ಬನ್ನಿ. ಕಚ್ಚಿಸಿಕೊಳ್ಳುವ ಮೊದಲೇ ತೆಗೆದುಕೊಳ್ಳುವ ರೇಬೀಸ್ ಲಸಿಕೆ ಇದೆ. ಮೊದಲ ದಿನ, ಏಳನೇ ದಿನ, ಆಮೇಲೆ 21 ಅಥವಾ 28ನೇ ದಿನ. ಇದನ್ನು ತೆಗೆದುಕೊಂಡಿದ್ದರೂ ಮುಂಗುಸಿ, ಬಾವಲಿ, ಮಂಗ, ಪುನುಗು ಬೆಕ್ಕು ಕಚ್ಚಿದರೆ ಸುಮ್ನಿರುವಂತಿಲ್ಲ. 15 ನಿಮಿಷ ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಎರಡು ಬೂಸ್ಟರ್ ಕೊಡುತ್ತಾರೆ. ರೇಬೀಸ್ ಸಸ್ತನಿಗಳ ರೋಗ, ಹಕ್ಕಿ ಹಾವುಗಳಿಂದ ಬರುವುದಿಲ್ಲ. ಆದರೆ ಹಕ್ಕಿಗಳ ಹಿಕ್ಕೆಯಿಂದ ಬರುವ ಬೇರೆ ರೋಗಗಳಿವೆ, ಅದಕ್ಕೇ ಮಾಸ್ಕ್. ಟಿಟಿ ಇಂಜೆಕ್ಷನ್ ಕೂಡ ಇರಲಿ. ಬಸುರಿಯರು, ಮನೆಯಲ್ಲಿ ಎಳೆಗೂಸು ಇರುವವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಬಟ್ಟೆ ಬಗ್ಗೆ ಹೆಂಗಸರಿಗೆ ಎರಡು ಮಾತು. ಗಾಜಿನ ಬಳೆ, ಗೆಜ್ಜೆ ಮನೆಯಲ್ಲೇ ಬಿಟ್ಟು ಬನ್ನಿ, ಆ ಸದ್ದಿಗೆ ಹಕ್ಕಿಗಳು ಬೆದರುತ್ತವೆ. ದುಪಟ್ಟಾ ಬೇಡ, ತಲೆ ಗಟ್ಟಿಯಾಗಿ ಕಟ್ಟಿ, ಮಲ್ಲಿಗೆಯೂ ಬೇಡ ಸೆಂಟೂ ಬೇಡ. ಮುಚ್ಚಿದ ಶೂ ಎಲ್ಲರಿಗೂ ಕಡ್ಡಾಯ.

ಕೆಲಸ ಅಂದರೆ ಏನು

ಬೆಳಗ್ಗೆ ಹೋದ ಕೂಡಲೆ ಬೋರ್ಡ್ ನೋಡುವುದು. ಯಾವ ಪಂಜರ, ಯಾವ ಪ್ರಾಣಿ, ಏನು ಊಟ, ಎಷ್ಟು ಗ್ರಾಂ. ಪಂಜರದ ಪೇಪರ್ ತೆಗೆಯುವ ಮೊದಲು ಹಿಕ್ಕೆ ನೋಡಿ ಬರೆದಿಡಬೇಕು. ಹಸಿರಾಗಿತ್ತಾ, ನೀರಾಗಿತ್ತಾ, ರಕ್ತ ಇತ್ತಾ. ಗೂಬೆಯ ಪಂಜರದಲ್ಲಿ ಬೂದು ಬಣ್ಣದ ಒಂದು ಉಂಡೆ ಬಿದ್ದಿದ್ದರೆ ಹೆದರಬೇಡಿ. ತಿಂದ ಇಲಿಯ ಎಲುಬು, ಕೂದಲು ಎಲ್ಲವನ್ನೂ ಅದು ಹೀಗೆ ಬಾಯಿಂದ ಹೊರಹಾಕುತ್ತದೆ. ಉಂಡೆ ಬಿದ್ದಿಲ್ಲ ಅಂದರೆ ಚಿಂತೆ ಮಾಡಬೇಕು. ಆಮೇಲೆ ತಟ್ಟೆ ತೊಳೆಯುವುದು, ಬ್ಲೀಚ್ ನೀರಲ್ಲಿ ಅದ್ದುವುದು, ಒಣಗಿಸುವುದು. ಒಂದು ಪಂಜರದ ಬಟ್ಟೆ ಇನ್ನೊಂದಕ್ಕೆ ಹೋಗಬಾರದು. ಅದರಲ್ಲೂ ಟರ್ಕಿ ಟವೆಲ್ ಬೇಡ, ಅದರ ದಾರದ ಕುಣಿಕೆಗೆ ಹಕ್ಕಿಯ ಉಗುರು ಸಿಕ್ಕಿಕೊಳ್ಳುತ್ತದೆ. ಹಳೇ ಹತ್ತಿ ಸೀರೆ, ಹಳೇ ಲುಂಗಿ ಎಲ್ಲಕ್ಕಿಂತ ಒಳ್ಳೆಯದು.

ತೂಕ ನೋಡುವುದು ನನಗೆ ಇಷ್ಟದ ಕೆಲಸ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಚಿಕ್ಕ ಡಬ್ಬಿ, ಅದರೊಳಗೆ ಮರಿ. ನಿನ್ನೆಗಿಂತ ಒಂದು ಗ್ರಾಂ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಅನ್ನುವುದರ ಮೇಲೆ ಡಾಕ್ಟರು ಔಷಧಿ ಬದಲಿಸುತ್ತಾರೆ. ಸುಮ್ನೆ ಅಂದಾಜಿಗೆ ಬರೆಯುವವರಿಂದ ಪ್ರಾಣಿ ಸಾಯುತ್ತದೆ. ಬ್ಯಾಂಕಿನವಳಾಗಿ ಇದು ನನಗೆ ಬೇಗ ಅರ್ಥವಾಯಿತು. ಲೆಕ್ಕ ತಪ್ಪಿದರೆ ತಪ್ಪಿದ್ದೇ.

ಅಳಿಲು ಮರಿ

ಏಪ್ರಿಲ್–ಮೇನಲ್ಲಿ ಮಳೆಗಾಲಕ್ಕೆ ಮೊದಲು ಮರದ ಕೊಂಬೆ ಕಡಿಯುತ್ತಾರೆ, ಗೂಡುಗಳು ಬೀಳುತ್ತವೆ. ಆಗ ಅಳಿಲು ಮರಿಗಳು ಶೂ ಡಬ್ಬಿಗಳಲ್ಲಿ ಸಾಲಾಗಿ ಬರುತ್ತವೆ. ಹೆಬ್ಬೆರಳಿನಷ್ಟಿರುತ್ತವೆ, ಕಣ್ಣು ಬಿಟ್ಟಿರುವುದಿಲ್ಲ. ತಂದವರು ಹೆಚ್ಚಾಗಿ ಹಸುವಿನ ಹಾಲು ಕುಡಿಸಿಯೇ ತಂದಿರುತ್ತಾರೆ. ಅದು ಜೀರ್ಣ ಆಗುವುದಿಲ್ಲ, ಹೊಟ್ಟೆ ಉಬ್ಬಿ ಭೇದಿ ಶುರುವಾಗುತ್ತದೆ.

ಮೊದಲು ಬೆಚ್ಚಗೆ ಮಾಡಬೇಕು. ತಣ್ಣಗಿರುವ ಮರಿಗೆ ಏನೂ ಕೊಡಬಾರದು, ಹೊಟ್ಟೆ ಕೆಲಸ ಮಾಡುತ್ತಿರುವುದಿಲ್ಲ. ಬಿಸಿನೀರಿನ ಬ್ಯಾಗಿಗೆ ಎರಡು ಸುತ್ತು ಬಟ್ಟೆ ಸುತ್ತಿ, ಡಬ್ಬಿಯ ಅರ್ಧ ಭಾಗಕ್ಕೆ ಮಾತ್ರ ಇಡಿ. ಜಾಸ್ತಿ ಸೆಕೆಯಾದರೆ ಮರಿ ತಾನೇ ಬ್ಯಾಗಿಲ್ಲದ ಕಡೆ ಸರಿಯುತ್ತದೆ. ಬೆಚ್ಚಗಾದ ಮೇಲೆ ಮೊದಲು ಓಆರ್‌ಎಸ್, ಆಮೇಲೆ ಡಾಕ್ಟರು ಹೇಳಿದ ಹಾಲಿನ ಪುಡಿ. 1 ಎಂಎಲ್ ಸಿರಿಂಜ್, ಸೂಜಿ ಇಲ್ಲದ್ದು. ಕೂಸನ್ನು ಮಲಗಿಸಿ ಹಾಲು ಕುಡಿಸಿದ ಅಭ್ಯಾಸದಲ್ಲಿ ಅಮ್ಮಂದಿರು ಮರಿಯನ್ನೂ ಅಂಗಾತ ಮಲಗಿಸುತ್ತಾರೆ. ಬೇಡ. ಹೊಟ್ಟೆ ಕೆಳಗೆ, ತಲೆ ತುಸು ಮೇಲೆ. ಒಂದು ಹನಿ, ಅದು ನುಂಗಿದ ಮೇಲೆ ಇನ್ನೊಂದು ಹನಿ. ಮೂಗಿನಿಂದ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ ಒರೆಸಿ. ಹಾಲು ಶ್ವಾಸಕ್ಕೆ ಹೋದರೆ ನ್ಯುಮೋನಿಯಾ, ಅಷ್ಟೇ ಕಥೆ. ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆ ಕೆಳಗೆ ಮೆಲ್ಲಗೆ ಒರೆಸಬೇಕು, ತಾಯಿ ನೆಕ್ಕುವ ಹಾಗೆ. ಅದಿಲ್ಲದೆ ಮರಿ ಉಚ್ಚೆ ಮಾಡುವುದಿಲ್ಲ.

ಇಷ್ಟೆಲ್ಲಾ ಮಾಡುವಾಗ ಮಾತಾಡಿಸಬೇಡಿ. ಮುದ್ದು ಮಾಡಬೇಡಿ. ಮನುಷ್ಯರನ್ನು ಕಂಡರೆ ಓಡಿಬರುವ ಅಳಿಲು ಮರದ ಮೇಲೆ ಎರಡು ದಿನ ಬದುಕುವುದಿಲ್ಲ. ಬೀದಿ ಬೆಕ್ಕಿನ ಹತ್ತಿರವೂ ಹಾಗೇ ಹೋಗುತ್ತದೆ.

ಹದ್ದು ಮತ್ತು ಮಾಂಜಾ

ಪುಣೆಯಲ್ಲಿ ಕಪ್ಪು ಹದ್ದುಗಳು ತುಂಬಾ. ಜನವರಿಯಲ್ಲಿ ಗಾಳಿಪಟದ ಮಾಂಜಾಕ್ಕೆ ಸಿಕ್ಕಿ ಬೀಳುವುದೂ ಅವೇ ಹೆಚ್ಚು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಅಂಗಡಿಯವರು ಈಗ ಅದನ್ನು ಕೌಂಟರ್ ಕೆಳಗಿನಿಂದ ತೆಗೆದು ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ದಾರ ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಲ್ಲಿ, ಹೆಗಲಿಂದ ಮಣಿಕಟ್ಟಿನವರೆಗೆ ಬಿಗಿಯಾಗಿ ಎಳೆದುಕೊಂಡಿರುವ ತೆಳು ಚರ್ಮದಲ್ಲಿ ಕೊಯ್ದಿರುತ್ತದೆ. ಅದನ್ನು ಎಳೆದು ತೆಗೆಯಬೇಡಿ. ಎಳೆದರೆ ಗರಗಸ ಆಡಿಸಿದಂತೆಯೇ. ಎರಡೂ ಕಡೆ ಒಂದಿಷ್ಟು ಉದ್ದ ಬಿಟ್ಟು ಕತ್ತರಿಸಿ, ದಾರದ ಸಮೇತ ತನ್ನಿ. ಬಿಡಿಸುವ ಕೆಲಸ ಡಾಕ್ಟರದು. ಹದ್ದನ್ನು ಎತ್ತುವುದಕ್ಕೆ ಹಿಂದಿನಿಂದ ಚಾದರ ಹಾಕಿ, ತಲೆ ಮುಚ್ಚಿ. ಕತ್ತಲಾದ ಕೂಡಲೆ ಅರ್ಧ ಶಾಂತವಾಗುತ್ತದೆ. ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ. ಹೆದರಬೇಕಾದ್ದು ಕಾಲಿಗೆ. ಉಗುರು ಒಳಗೆ ಹೋದರೆ ಅದು ಬಿಡುವುದಿಲ್ಲ, ನಾವು ಎಳೆದಷ್ಟೂ ಬಿಗಿಯುತ್ತದೆ. ಅದಕ್ಕೇ ಮೊದಲು ಎರಡೂ ಕಾಲು, ಆಮೇಲೆ ರೆಕ್ಕೆ ಮೈಗೆ ಒತ್ತಿ ಹಿಡಿಯುವುದು. ಎದೆ ಅಮುಕಬಾರದು. ಹಕ್ಕಿಗೆ ಉಸಿರಾಡಲು ಎದೆಗೂಡು ಆಡಬೇಕು.

ಬಾಯಿಗೆ ನೀರು ಹಾಕುವ ಪುಣ್ಯದ ಕೆಲಸ ದಯವಿಟ್ಟು ಬೇಡ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ಸೀದಾ ಒಳಗೆ ಹೋಗುತ್ತದೆ. ಬ್ರೆಡ್, ಅನ್ನ, ಹಾಲು ಯಾವುದೂ ಬೇಡ. ತೂತು ಮಾಡಿದ ರಟ್ಟಿನ ಡಬ್ಬಿ, ಕತ್ತಲು, ಸದ್ದಿಲ್ಲದ ಜಾಗ, ಒಂದು ಫೋನ್. ಇಷ್ಟು ಸಾಕು.

ಕೇಂದ್ರದಲ್ಲಿ ಹದ್ದಿನ ಬಾಲಕ್ಕೆ ಒಂದು ಕವರ್ ಹಾಕುತ್ತೇವೆ. ಪಂಜರದ ತಂತಿಗೆ ಬಡಿದು ಬಾಲದ ಗರಿ ಮುರಿದರೆ, ರೆಕ್ಕೆ ವಾಸಿಯಾದರೂ ಸರಿಯಾಗಿ ಹಾರಲಾಗುವುದಿಲ್ಲ. ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿ, ಮಡಚಿ, ಟೇಪ್ ಹಾಕಿದರೆ ಕವರ್ ತಯಾರು. ನಮ್ಮ ಮಾವನವರ ಮೊಣಕಾಲಿನ ಎಕ್ಸ್‌ರೇಗಳೆಲ್ಲ ಈಗ ಹದ್ದಿನ ಬಾಲ ಕಾಯುತ್ತಿವೆ. ಅವರಿಗೆ ಇದು ಬಹಳ ಹೆಮ್ಮೆ.

ಇಲ್ಲೇ ಒಂದು ಕಹಿ ವಿಷಯ ಹೇಳಬೇಕು. ರೆಕ್ಕೆಯ ಸ್ನಾಯುರಜ್ಜು ಪೂರ್ತಿ ಕಡಿದ, ಇನ್ನೆಂದೂ ಹಾರಲಾಗದ ಹಕ್ಕಿಗೆ ಡಾಕ್ಟರು ಇಂಜೆಕ್ಷನ್ ಕೊಟ್ಟು ಕಣ್ಣು ಮುಚ್ಚಿಸುವುದಿದೆ. ಹೊಸಬರು ಜಗಳ ಮಾಡುತ್ತಾರೆ, "ಪಂಜರದಲ್ಲಾದರೂ ಬದುಕಲಿ" ಅನ್ನುತ್ತಾರೆ. ಆಕಾಶದಲ್ಲಿ ಗಂಟೆಗಟ್ಟಲೆ ತೇಲುವ ಹಕ್ಕಿಯನ್ನು ನಾಲ್ಕಡಿ ಪಂಜರದಲ್ಲಿ ವರ್ಷಗಟ್ಟಲೆ ಇಡುವುದು ದಯೆ ಅಂತ ನನಗೆ ಅನಿಸುವುದಿಲ್ಲ. ನಿಮಗೆ ಅನಿಸಿದರೆ ಡಾಕ್ಟರ ಜೊತೆ ಮಾತಾಡಿ, ಆದರೆ ಪಂಜರದ ಮುಂದೆ ಅಳುತ್ತಾ ನಿಲ್ಲಬೇಡಿ. ಪಕ್ಕದ ಪಂಜರದವಕ್ಕೆ ತೊಂದರೆ.

ಕನ್ನಡ ಬೇಕಾಗುವ ಕಡೆ

ಪ್ರಾಣಿ ಮುಟ್ಟಲು ಮನಸ್ಸಿಲ್ಲದವರಿಗೆ ಫೋನ್ ಡೆಸ್ಕ್ ಇದೆ. ಅಲ್ಲಿ ಕನ್ನಡದವರಿಗೆ ಒಳ್ಳೆಯ ಕೆಲಸ ಇದೆ. ವಾಕಡ್, ಹಿಂಜವಡಿ ಕಡೆಯ ಬಿಲ್ಡಿಂಗ್ ಸೈಟುಗಳಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯವರು ಬಹಳ. ಮಳೆಗಾಲದಲ್ಲಿ ಅವರ ತಗಡಿನ ಶೆಡ್ಡಿಗೆ ಹಾವು ಬರುತ್ತದೆ. ಸೂಪರ್‌ವೈಸರ್ ಮರಾಠಿಯಲ್ಲಿ ಫೋನ್ ಮಾಡುತ್ತಾನೆ, ಹಾವು ನೋಡಿದವನಿಗೆ ಮರಾಠಿ ಬರುವುದಿಲ್ಲ. ಆಗ ಫೋನ್ ನನ್ನ ಕೈಗೆ ಬರುತ್ತದೆ.

"ಹಾವು ಎಲ್ಲದಪಾ ತಮ್ಮಾ?"

"ಪತ್ರಾಸ ಬುಡಕ ಹೊಕ್ಕದರಿ ಅಕ್ಕಾರ. ಬಡಿಗಿ ತಂದೇವಿ, ಹೊಡದು ಬಿಡ್ಲೇನ್ರಿ?"

"ಹೊಡೀಬ್ಯಾಡ. ಹುಡುಗರು ಹುಪ್ಪಡಿ ಹಿಂದಕ್ಕ ಕಳಸು. ನೀ ಒಬ್ಬವ ದೂರ ನಿಂತು ಎತ್ತ ಹೋಗ್ತದ ನೋಡ್ಕೋತ ಇರು. ನಮ್ಮವರು ಹೊಂಟಾರ."

"ಆತ್ರಿ. ಲಗೂ ಬರ್ರಿ ಮತ್ತ."

ಈ ನಾಲ್ಕು ಮಾತಿನಲ್ಲೇ ಕೆಲಸ ಅರ್ಧ ಮುಗಿಯುತ್ತದೆ. ಒಬ್ಬರು ಕಣ್ಣಿಡಬೇಕು, ಯಾರೂ ಮೂಲೆಗೆ ಅಟ್ಟಬಾರದು. ಮನೆಯೊಳಗಾದರೆ ಆ ಕೋಣೆಯ ಬಾಗಿಲು ಹಾಕಿ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಕು. ಫೋಟೋ ಕಳಿಸಿ ಅನ್ನುವಾಗ "ದೂರದಿಂದ, ಜೂಮ್ ಮಾಡಿ" ಅಂತ ಸೇರಿಸಿಯೇ ಹೇಳಿ. ಯಾಕೆಂದರೆ ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂದುಕೊಂಡು ಎತ್ತಲು ಹೋಗುವವರು ಇದ್ದಾರೆ. ಪಾಪದ ಮಣ್ಣುಮುಕ್ಕ ಹಾವನ್ನು ಕೊಳಕುಮಂಡಲ ಅಂತ ಹೊಡೆಯುವವರೂ ಇದ್ದಾರೆ. ಮರಾಠಿಯವರು ಘೋಣಸ್ ಅಂದರೆ ಕೊಳಕುಮಂಡಲ, ಧಾಮಣ್ ಅಂದರೆ ಕೇರೆ, ಮಣ್ಯಾರ್ ಅಂದರೆ ಕಟ್ಟುಹಾವು. ಇಷ್ಟು ಗೊತ್ತಿದ್ದರೆ ಫೋನ್ ಡೆಸ್ಕ್ ನಡೆಯುತ್ತದೆ. ಯಾರಿಗಾದರೂ ಕಚ್ಚಿದೆ ಅಂದರೆ ಹಾವಿನ ವಿಚಾರಣೆ ನಿಲ್ಲಿಸಿ 108ಕ್ಕೆ ಹೇಳಿ. ಹಗ್ಗ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಏನೂ ಬೇಡ. ಕೈಕಾಲು ಅಲುಗಿಸದೆ ಆಸ್ಪತ್ರೆಗೆ. ಹಾವು ಹಿಡಿಯಲು ಹೋಗುವುದು ತರಬೇತಿ ಪಡೆದ ಸರ್ಪಮಿತ್ರರು ಮಾತ್ರ. ನಾಗರಹಾವಿನ ಹೆಡೆಗೆ ಮುತ್ತು ಕೊಟ್ಟು ವಿಡಿಯೋ ಹಾಕುವವರನ್ನು ಗುರು ಮಾಡಿಕೊಳ್ಳಬೇಡಿ.

ಫೋನಿನಲ್ಲಿ ಇನ್ನೊಂದು ಕೆಲಸ, ಜನರನ್ನು ಸುಮ್ಮನಿರಿಸುವುದು. ಬೇಸಿಗೆಯಲ್ಲಿ ಬರುವ ಎಷ್ಟೋ ಕರೆಗಳಲ್ಲಿ ಪ್ರಾಣಿಗೆ ಏನೂ ಆಗಿರುವುದಿಲ್ಲ. ಗರಿ ಬಂದ, ನೆಲದ ಮೇಲೆ ಕುಪ್ಪಳಿಸುವ ಪಿಕಳಾರದ ಮರಿ ಹಾರಲು ಕಲಿಯುತ್ತಿರುತ್ತದೆ, ಅಪ್ಪ ಅಮ್ಮ ಅಲ್ಲೇ ತಂತಿ ಮೇಲೆ ಕೂತಿರುತ್ತಾರೆ. ನಾಯಿ ಬೆಕ್ಕು ದೂರ ಇಟ್ಟರೆ ಸಾಕು. ಗೂಡಿಂದ ಬಿದ್ದ ಎಳೆ ಮರಿಯಾದರೆ ಬುಟ್ಟಿಯಲ್ಲಿಟ್ಟು ಅದೇ ಮರಕ್ಕೆ ಕಟ್ಟಬಹುದು. ಮನುಷ್ಯರು ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಜುನ್ನರ್ ಕಡೆ ಕಬ್ಬು ಕಡಿಯುವಾಗ ಸಿಗುವ ಚಿರತೆ ಮರಿಗಳನ್ನೂ ಅರಣ್ಯ ಇಲಾಖೆಯವರು ಸಂಜೆ ಅದೇ ಗದ್ದೆಯಲ್ಲಿ ಡಬ್ಬಿಯಲ್ಲಿಟ್ಟು ತಾಯಿಗೆ ಕಾಯುತ್ತಾರೆ, ತಾಯಿ ಬಂದು ಒಯ್ಯುತ್ತದೆ. ಕೆಲವು ಸಲ ಚಿರತೆ ಮರಿ ಅಂತ ಗದ್ದಲ ಎಬ್ಬಿಸಿದ್ದು ನೋಡಿದರೆ ಕಾಡುಬೆಕ್ಕಿನ ಮರಿ.

ಬರಲಾಗದವರು

ಮನೆಯಿಂದ ಹೊರಗೆ ಬರಲಾಗದವರು ಹಳೇ ಪೇಪರ್, ಹತ್ತಿ ಚಾದರ, ರಟ್ಟಿನ ಡಬ್ಬಿ, ಬಿಸಿನೀರಿನ ಬ್ಯಾಗ್, ಸೂಜಿ ಇಲ್ಲದ ಸಿರಿಂಜ್, ಓಆರ್‌ಎಸ್ ಪ್ಯಾಕೆಟ್ ಕೊಡಿ. ಕೊಡುವ ಮೊದಲು ಏನು ಬೇಕು ಅಂತ ಕೇಳಿ, ಇಲ್ಲದಿದ್ದರೆ ಹತ್ತು ಮೂಟೆ ಪೇಪರ್ ಬರುತ್ತದೆ, ಬ್ಯಾಗ್ ಒಂದೂ ಬರುವುದಿಲ್ಲ. ಕಾರು ಇರುವವರು ತೀರಾ ಬೇಕಾದವರು, ಹಡಪ್ಸರ್‌ನಲ್ಲಿ ಸಿಕ್ಕ ಗೂಬೆಯನ್ನು ಕೇಂದ್ರಕ್ಕೆ ತರಬೇಕಲ್ಲ. ಎಸಿ ಬೇಡ, ಹಾಡು ಬೇಡ, ದಾರಿಯಲ್ಲಿ ಡಬ್ಬಿ ತೆರೆದು ನೋಡುವುದು ಖಂಡಿತಾ ಬೇಡ. ನಮ್ಮ ಉಡುಪಿ ಹೋಟೆಲಿನವರಲ್ಲಿ ಒಬ್ಬರು ಮಾಗಿದ ಪಪ್ಪಾಯಿ, ಬಾಳೆಹಣ್ಣು ಕಳಿಸುತ್ತಾರೆ, ಹಣ್ಣು ತಿನ್ನುವ ಬಾವಲಿಗಳಿಗೆ ಅದೇ ಊಟ. "ಅಕ್ಕಾ, ಬನ್ಸ್ ಕಳಿಸ್ಲಾ?" ಅಂತಲೂ ಒಮ್ಮೆ ಕೇಳಿದ್ದರು. ಅದನ್ನು ಸ್ವಯಂಸೇವಕರೇ ತಿಂದರು.

ಹೊಸದಾಗಿ ಸೇರುವವರು ಡಿಸೆಂಬರ್ ಮೊದಲ ವಾರ ಶುರು ಮಾಡುವುದು ಒಳ್ಳೆಯದು. ಆಗ ಮೊದಲ ಲಸಿಕೆ ಹಾಕಿಸಿಕೊಂಡರೆ 28ನೇ ದಿನದ್ದು ಜನವರಿ ಮೊದಲ ವಾರದೊಳಗೆ ಮುಗಿಯುತ್ತದೆ, ಪೊರಕೆ ಹಿಡಿದೂ ಅಭ್ಯಾಸವಾಗಿರುತ್ತದೆ. ಸಂಕ್ರಾಂತಿಯ ವಾರದಲ್ಲಿ ಬಂದು "ಏನು ಮಾಡ್ಲಿ?" ಅಂತ ಕೇಳಿದರೆ ಹೇಳಿಕೊಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.